ಪಾಯಸವಾದ ಮೇಲೆ ಮೊಸರನ್ನ

ನಾನು ಹುಟ್ಟಿ ಬೆಳೆದದ್ದು ದಿಲ್ಲಿಯಲ್ಲಿ. ಆದರೆ ನನ್ನ ಕನ್ನಡಕ್ಕೆ ನನಗಿಂತ ಐವತ್ತು ವರ್ಷ ಹೆಚ್ಚು ವಯಸ್ಸು. ಸರ್ಕಾರಿ ಕ್ವಾರ್ಟರ್ಸಿನ ಅಂಗಳದಲ್ಲಿ ಚಳಿಗಾಲದ ಬಿಸಿಲು ಕಾಯಿಸುತ್ತ, ಬಟಾಣಿ ಸುಲಿಯುತ್ತ ಕೂರುತ್ತಿದ್ದ ಅಜ್ಜಿಯರ ಬಾಯಿಂದ ಕೇಳಿ ಕಲಿತ ಭಾಷೆ ಅದು. ಬೆಂಗಳೂರಿನಲ್ಲಿರುವ ನನ್ನ ಓರಗೆಯವರು ‘ನೀನು ಮಾತಾಡಿದ್ರೆ ನಮ್ಮ ಮುತ್ತಜ್ಜಿ ಎದ್ದು ಬಂದ ಹಾಗಿರತ್ತೆ’ ಎಂದು ನಗುತ್ತಾರೆ. ನಗಲಿ, ಹಲ್ಲು ಅವರದ್ದು. ಆ ಅಜ್ಜಿಯರಿಂದ ಮಾತಿನ ಜೊತೆಗೇ ಊಟ ಬಡಿಸುವ ಕ್ರಮವೂ ನನಗೆ ಬಂತು. ಅದು ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಅದೊಂದು ಕ್ರಮ, ಬೇರೆಯವರಿಗೆ ಬೇರೆ ಕ್ರಮ ಇರಬಹುದು ಎಂಬುದು ನಲವತ್ತು ದಾಟುವ ತನಕ ನನಗೆ ಹೊಳೆದಿರಲೇ ಇಲ್ಲ. ಹೊಳೆದದ್ದು ಮಗಳ ಶಾಲೆಯ ಅಂಗಳದಲ್ಲಿ.

ಶಾಲೆ ಮಯೂರ್ ವಿಹಾರದಲ್ಲೇ, ನಮ್ಮ ಸೊಸೈಟಿಯ ಹಿಂಬದಿಯ ಗೇಟಿನಿಂದ ಹೊರಟರೆ ಹತ್ತು ನಿಮಿಷದ ದಾರಿ. ಒಂದರಿಂದ ಐದರವರೆಗೆ, ತರಗತಿಗೆ ಒಂದೇ ಸೆಕ್ಷನ್; ಒಟ್ಟು ನೂರಿಪ್ಪತ್ತರ ಆಸುಪಾಸು ಮಕ್ಕಳು. ನಡುವೆ ಸಿಮೆಂಟಿನ ಅಂಗಳ, ಮೂಲೆಯಲ್ಲೊಂದು ಬೇವಿನ ಮರ, ಮರದ ಆಚೆ ಸಾಲಾಗಿ ಕೈತೊಳೆಯುವ ನಲ್ಲಿಗಳು, ನಲ್ಲಿಗಳ ಮುಂದೆ ಎರಡು ಅಗಲವಾದ ಮೆಟ್ಟಿಲು. ಅಲ್ಲಿ ತಿಂಗಳಿಗೊಂದು ಶನಿವಾರ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಪದ್ಧತಿ ಇತ್ತು. ಒಂದೊಂದು ಸಲ ಒಂದೊಂದು ತರಗತಿಯ ಸರದಿ. ಆ ತರಗತಿಯ ತಂದೆತಾಯಿಯರು ಬೆಳಿಗ್ಗೆಯೇ ಬಂದು ಹಿತ್ತಲಿನ ಶೆಡ್ಡಿನಲ್ಲಿ ಅಡುಗೆ ಮಾಡಬೇಕು, ಆ ತರಗತಿಯ ಮಕ್ಕಳೇ ಬಡಿಸಬೇಕು. ಹೆಡ್ ಮೇಡಂ ಕೂಡ ಒಂದನೇ ತರಗತಿಯ ಪುಟಾಣಿಗಳ ಸಾಲಿನಲ್ಲಿ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಊಟವಾದ ಮೇಲೆ ಪಾತ್ರೆಗಳನ್ನು ಅಂಗಳಕ್ಕೆ ತರಿಸಿ, ಒಂದೊಂದರ ಮುಚ್ಚಳ ತೆಗೆಸಿ, ಏನು ಉಳಿದಿದೆ ಎಂದು ಎಲ್ಲರ ಎದುರಿಗೇ ನೋಡುತ್ತಿದ್ದರು.

ಆ ವರ್ಷ ಜನವರಿಯಲ್ಲಿ ಮೂರನೇ ತರಗತಿಯವರ ಪೂರಿ ರಾಶಿ ರಾಶಿ ಮಿಕ್ಕಿತು. ಫೆಬ್ರವರಿಯಲ್ಲಿ ಮಂಜು ಕವಿದು ಅರ್ಧ ಮಕ್ಕಳೇ ಬರದೆ, ನಾಲ್ಕನೇ ತರಗತಿಯವರ ಮಜ್ಜಿಗೆಹುಳಿಯಂಥ ಕಢಿ ಚರಂಡಿ ಸೇರಿತು. ಹೆಡ್ ಮೇಡಂ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ, ಸಿಟ್ಟೇನೂ ಮಾಡಿಕೊಳ್ಳದೆ, ಒಂದು ಮಾತು ಹೇಳಿದರಂತೆ. ಮಾರ್ಚಿನದ್ದು ಐದನೇ ತರಗತಿಯ ಸರದಿ, ಶಾಲೆಯ ವರ್ಷದ ಕೊನೆಯದು. ಅಂದೂ ಅನ್ನ ಚೆಲ್ಲುವ ಹಾಗಾದರೆ ಹೊಸ ವರ್ಷದಿಂದ ಈ ಊಟ ಬೇಡ. ಎಲ್ಲರೂ ಮನೆಯಿಂದ ಡಬ್ಬಿ ತಂದುಕೊಳ್ಳಿ.

ನನ್ನ ಮಗಳು ಐದನೇ ತರಗತಿಯಲ್ಲಿದ್ದಳು. ಒಂದನೇ ತರಗತಿಯಿಂದಲೂ ತನಗೆ ಬಡಿಸಿದ ದೊಡ್ಡ ಅಕ್ಕಂದಿರನ್ನು ನೋಡುತ್ತ ತನ್ನ ಸರದಿಗೆ ಕಾದವಳು. ಮನೆಗೆ ಬಂದವಳೇ ಬ್ಯಾಗು ಎಸೆದು ಹೇಳಿದಳು, “ಅಮ್ಮಾ, ಬಚಾ ಅಂದ್ರೆ ನಮ್ಮ ಕ್ಲಾಸಿಂದಾನೇ ಬಂದ್ ಆಯ್ತು ಅಂತ ಹಮೇಶಾ ಹೇಳ್ತಾರೆ. ನಾವು ಹೋದ್ಮೇಲೂ.” ಊಟ ಮಿಕ್ಕರೆ ಎಂದೆಂದೂ ಹಾಗೆ ಹೇಳುತ್ತಾರೆ ಎಂದು ಅವಳ ಅರ್ಥ. ಅವಳ ಕನ್ನಡದಲ್ಲಿ ಹೀಗೆ ನಡುನಡುವೆ ಹಿಂದಿಯ ಕಲ್ಲು ಸಿಗುತ್ತದೆ. ನಾವು ಆರಿಸದೆ ನುಂಗುತ್ತೇವೆ.

ನಾನು ರಾಜ್ಮಾ ಚಾವಲ್ ಮಾಡೋಣ ಎಂದೆ. ದಿಲ್ಲಿಯ ಮಕ್ಕಳು ನಿದ್ದೆಗಣ್ಣಿನಲ್ಲೂ ಬಟ್ಟಲು ಖಾಲಿ ಮಾಡುವ ಊಟ ಅದು. ಅವಳು ಕೇಳಲಿಲ್ಲ. ರಾಜ್ಮಾ ಎಲ್ಲರ ಮನೆಯಲ್ಲೂ ಇರುತ್ತದೆ, ಅದರಲ್ಲಿ ಮಜಾ ಏನು ಎಂದಳು. ಅಷ್ಟು ಹೊತ್ತಿಗಾಗಲೇ ತರಗತಿಯಲ್ಲಿ ಕೈ ಎತ್ತಿ, ‘ನಮ್ಮ ಅಜ್ಜಿಯ ಊಟ’ ಮಾಡಿಸುವೆನೆಂದು ಒಪ್ಪಿಕೊಂಡೂ ಬಂದಿದ್ದಳು. ಅಜ್ಜಿ ಎಂದರೆ ನನ್ನ ಅಮ್ಮ, ನಮ್ಮ ಜೊತೆಯಲ್ಲೇ ಇದ್ದಾರೆ. ಎಪ್ಪತ್ತಾರು ವರ್ಷ, ಮಂಡಿ ನೋವು, ಅಡುಗೆಮನೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳದ ಕಿವಿ. ಸುದ್ದಿ ಕೇಳಿ ಅವರು ಕನ್ನಡಕ ಹಾಕಿಕೊಂಡು ಪಟ್ಟಿ ಬರೆಯಲು ಕೂತರು. ಕೋಸಂಬರಿ, ಬೀನ್ಸ್ ಪಲ್ಯ, ಚಿತ್ರಾನ್ನ, ಅನ್ನ, ಸಾರು, ಶಾವಿಗೆ ಪಾಯಸ, ಮೊಸರನ್ನ. ಅವರು ಬರೆದ ಕ್ರಮವೇ ಬಡಿಸುವ ಕ್ರಮ. ಅದನ್ನು ಯಾರಿಗೂ ಹೇಳಬೇಕೆಂದು ಅವರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಆ ತರಗತಿಯಲ್ಲಿ ಕನ್ನಡದವರೆಂದರೆ ನಾವು ಮತ್ತು ಇನ್ನೊಂದೇ ಮನೆ. ಆ ಮನೆಯ ತಾತ ಕೊಡಗಿನವರು, ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾಗಿ ಮಗನ ಜೊತೆ ನೋಯ್ಡಾದಲ್ಲಿದ್ದರು. ಶನಿವಾರ ಬೆಳಿಗ್ಗೆ ಆರೂವರೆಗೆ ಶೆಡ್ಡಿನ ಮುಂದೆ ಕಾರು ನಿಲ್ಲಿಸಿ, ಡಿಕ್ಕಿಯಿಂದ ಎರಡು ದೊಡ್ಡ ಸೌಟು, ಒಂದು ಕಟ್ಟು ಪತ್ರಾವಳಿ ಇಳಿಸಿದರು. ಇಲ್ಲಿನವರು ಪತ್ತಲ್ ಅನ್ನುವ ಒಣ ಎಲೆಯ ತಟ್ಟೆ. ಬಡಿಸುವ ಮಕ್ಕಳಿಗೆ ಅಂಗಳದಲ್ಲಿ ಖಾಲಿ ಬಕೆಟ್ ಹಿಡಿಸಿ ಮೂರು ಸಲ ಕವಾಯತು ಮಾಡಿಸಿದರು. ಬಲಗಡೆಯಿಂದ ಹೊರಡಬೇಕು, ಬಗ್ಗಿ ಬಡಿಸಬೇಕು, ಕಾಲು ಎಲೆಗೆ ತಾಗಬಾರದು. ನನ್ನ ಮಗಳು ಸಾಲಿನ ಮುಂದಾಳು.

ಒಳಗೆ ನಾವು ಆರೇಳು ಜನ ತಾಯಂದಿರು. ಲಕ್ನೋ ಕಡೆಯ ಒಬ್ಬ ತಾಯಿ ಕ್ಯಾರೆಟ್ ತುರಿಯುತ್ತ, ನೆನೆಸಿದ ಹೆಸರುಬೇಳೆಯನ್ನು ಅನುಮಾನದಿಂದ ನೋಡಿದರು. ಇದನ್ನು ಯಾವಾಗ ಬೇಯಿಸುತ್ತೀರಿ ಎಂದು ಕೇಳಿದರು. ಬೇಯಿಸುವುದಿಲ್ಲ, ಹೀಗೇ ತಿನ್ನುವುದು ಎಂದೆ. ಅವರು ಎರಡು ಕಾಳು ಬಾಯಿಗೆ ಹಾಕಿಕೊಂಡು, ಪರವಾಗಿಲ್ಲ ಎಂಬಂತೆ ತಲೆಯಾಡಿಸಿ ಮತ್ತೆ ತುರಿದರು. ಅಮ್ಮ ಸ್ಟೂಲಿನ ಮೇಲೆ ಕೂತು ಮೊಸರನ್ನದ ಉಸ್ತುವಾರಿ ವಹಿಸಿಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಹುಳಿಯಾಗಬಾರದೆಂದು ಮೆತ್ತಗೆ ಬೆಂದ ಅನ್ನಕ್ಕೆ ಹಾಲು ಹೆಚ್ಚು ಸುರಿದು, ಮೊಸರು ಅಳತೆಯಾಗಿ ಹಾಕಿಸಿದರು. ಮಕ್ಕಳಿಗೆಂದು ಹಸಿಮೆಣಸಿನಕಾಯಿ ಬಿಟ್ಟು, ಶುಂಠಿ ಸಣ್ಣಗೆ ಹೆಚ್ಚಿ, ಸಾಸಿವೆ ಕರಿಬೇವಿನ ಒಗ್ಗರಣೆ, ಮೇಲೆ ದಾಳಿಂಬೆ ಕಾಳು, ನಂಚಿಕೊಳ್ಳಲು ಮನೆಯಿಂದ ತಂದ ಉಪ್ಪಿನಕಾಯಿಯ ಜಾಡಿ. ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಟೆಂಟಿನವರಿಂದ ತಂದ ಪತೀಲಾಗಳಲ್ಲೆಲ್ಲ ಅತಿ ದೊಡ್ಡದರಲ್ಲಿ ಅದು ಕಂಠಮಟ್ಟ ತುಂಬಿತ್ತು. ಬಿಸಿಲಿನ ದಿನ, ಎಷ್ಟಿದ್ದರೂ ಸಾಲದು ಎಂದು ಅಮ್ಮನ ಲೆಕ್ಕ.

ಹನ್ನೆರಡಕ್ಕೆ ಸಾಲು ಕೂತಿತು. ಕೋಸಂಬರಿ ಹೋಯಿತು, ಪಲ್ಯ ಹೋಯಿತು. ಚಿತ್ರಾನ್ನದಲ್ಲಿನ ಕಡಲೆಕಾಯಿ ಬೀಜಕ್ಕೆ ಎರಡನೇ ತರಗತಿಯವರು ಜಗಳವಾಡಿದರು. ಸಾರನ್ನು ಹುಡುಗರು ಬಟ್ಟಲು ಕೇಳಿ ಕುಡಿದರು. ಮಗಳು ಪ್ರತಿ ಸುತ್ತಿಗೂ ಶೆಡ್ಡಿಗೆ ಓಡಿ ಬಂದು ಬಕೆಟ್ಟಿನ ತಳ ತೋರಿಸಿ ‘ಖಾಲಿ’ ಎಂದು ಪಿಸುಗುಟ್ಟಿ ಹೋಗುತ್ತಿದ್ದಳು. ಆಮೇಲೆ ಪಾಯಸ. ಪಾಯಸ ಹೊರಗೆ ಹೋದ ಮೇಲೆ ನಾನು ಮೊಸರನ್ನವನ್ನು ಬಕೆಟ್ಟಿಗೆ ತೋಡಲು ಸೌಟು ಎತ್ತಿಕೊಂಡೆ. ಅಷ್ಟರಲ್ಲಿ ಹೊರಗೆ ಒಂದು ದೊಡ್ಡ ಸದ್ದು. ನೂರು ಮಕ್ಕಳು ಒಟ್ಟಿಗೆ ಎದ್ದರೆ ಆಗುವ ಸದ್ದು. ಹಿಂದೆಯೇ ನಲ್ಲಿಗಳಲ್ಲಿ ನೀರು ಸುರಿಯತೊಡಗಿತು.

ಸುಬೇದಾರರು ಬಾಗಿಲಲ್ಲಿ ಬಂದು ನಿಂತರು. “ಅಕ್ಕ, ಎಲ್ಲ ಎದ್ದುಬಿಟ್ರು,” ಎಂದರು ಅಮ್ಮನಿಗೆ. “ಆರ್ಡರ್ ಯಾರೂ ಕೊಟ್ಟಿಲ್ಲ.”

ಅಮ್ಮ ಸ್ಟೂಲಿನ ಮೇಲೆಯೇ ಬಾಗಿಲತ್ತ ತಿರುಗಿದರು. “ಎದ್ರಾ? ಮೊಸರನ್ನ ಬಡಿಸೋಕ್ಮುಂಚೇನಾ? ಯಾರಾದ್ರೂ ಏನಾದ್ರೂ ಅಂದ್ರಾ ಅವ್ರನ್ನ?”

ನಮ್ಮಲ್ಲಿ ನಡುಊಟದಲ್ಲಿ ಒಬ್ಬರು ಎದ್ದರೆಂದರೆ ಮನಸ್ಸಿಗೆ ನೋವಾಗಿ ಎದ್ದರೆಂದು ಅರ್ಥ. ಇಡೀ ಪಂಕ್ತಿ ಎದ್ದರೆ ಕುಲಕ್ಕೇ ಕಳಂಕ. ಅಮ್ಮ ಆ ಲೆಕ್ಕದಲ್ಲಿದ್ದರು. ಲಕ್ನೋದ ತಾಯಿ ಮಾತ್ರ ಕೈ ಒರೆಸಿಕೊಳ್ಳುತ್ತ, ಇದರಲ್ಲಿ ಕೇಳುವುದೇನಿದೆ ಎಂಬಂತೆ ನನ್ನತ್ತ ತಿರುಗಿದರು. “ಮೀಠಾ ಆ ಗಯಾ ತೋ ಖಾನಾ ಖತಮ್, ದೀದಿ.” ಸಿಹಿ ಬಂತೆಂದರೆ ಊಟ ಮುಗಿಯಿತು. ಅಷ್ಟೇ. ಹೆಡ್ ಮೇಡಂ ಪಾಯಸ ಮುಗಿಸಿ, ತೃಪ್ತಿಯಾಗಿ ಕೈಮುಗಿದು ಎದ್ದಿದ್ದರು. ಅವರ ಹಿಂದೆ ಮಕ್ಕಳು. ಕೈಮುಗಿದು ಎದ್ದವರನ್ನು ತಪ್ಪು ಅನ್ನುವುದು ಹೇಗೆ? ಪಾಯಸದ ಆಚೆ ಇನ್ನೊಂದು ಊಟವಿದೆ ಎಂದು ನಾವು ಯಾರಿಗೂ ಹೇಳಿಯೇ ಇರಲಿಲ್ಲ. ದಿಲ್ಲಿಯಲ್ಲಿ ನಲವತ್ತು ವರ್ಷ ಮದುವೆ ಮುಂಜಿಗಳಲ್ಲಿ ಕೊನೆಗೆ ಜಾಮೂನು ತಿಂದು ಮನೆಗೆ ಬಂದವಳು ನಾನು. ಆದರೂ ಹೊಳೆಯಲಿಲ್ಲ ನೋಡಿ.

ನಾನು ಹೊರಗೆ ಹೋಗುವ ಹೊತ್ತಿಗೆ ಎಂಜಲೆಲೆಗಳನ್ನೆಲ್ಲ ಎತ್ತಿ ಹಿತ್ತಲಿನ ಗೊಬ್ಬರದ ಗುಂಡಿಗೆ ಹಾಕಿಯಾಗಿತ್ತು. ಕಟ್ಟಿನಲ್ಲಿ ಪತ್ರಾವಳಿ ಒಂದೂ ಉಳಿದಿರಲಿಲ್ಲ. ಶಾಲೆಯ ಆಯಾ, ಮಕ್ಕಳೆಲ್ಲ ದೀದಿ ಎಂದು ಕರೆಯುವ ದಪ್ಪನೆಯ ಹೆಂಗಸು, ಪಾತ್ರೆಗಳನ್ನು ಒಂದೊಂದಾಗಿ ಅಂಗಳಕ್ಕೆ ತಂದಿಡುತ್ತಿದ್ದಳು. ಐದನೇ ತರಗತಿಯವರು ಸಾಲಾಗಿ ನಿಂತರು. ದೀದಿ ಮುಚ್ಚಳ ತೆಗೆದಳು. ಪಲ್ಯ, ಖಾಲಿ. ಚಿತ್ರಾನ್ನ, ಖಾಲಿ. ಸಾರಿನ ತಳದಲ್ಲಿ ಒಂದು ಹಿಡಿ ಬೇಳೆ. ಪಾಯಸ, ಖಾಲಿ. ಮಗಳು ಬೆರಳು ಮಡಿಸಿ ಎಣಿಸುತ್ತಿದ್ದಳು. ಕೊನೆಗೆ ಸುಬೇದಾರರೂ ನಾನೂ ಸೇರಿ ದೊಡ್ಡ ಪತೀಲಾ ಹೊತ್ತು ತಂದೆವು. ಮುಚ್ಚಳ ಎತ್ತಿದಾಗ ಬೆಳ್ಳಗೆ, ದಾಳಿಂಬೆಯ ಕೆಂಪು ಕಾಳು ಸಮೇತ, ಸೌಟು ತಾಗದ ಮೊಸರನ್ನ.

ಹೆಡ್ ಮೇಡಂ ಬಗ್ಗಿ ನೋಡಿದರು. ಇದನ್ನು ಯಾರೂ ಮುಟ್ಟಿಯೇ ಇಲ್ಲವಲ್ಲ ಎಂದರು ಮೆಲ್ಲಗೆ. ನಾನು ನಮ್ಮ ಕ್ರಮವನ್ನು ವಿವರಿಸಿದೆ, ತಪ್ಪು ನಮ್ಮದೇ ಎಂದೂ ಹೇಳಿದೆ. ಅವರು ಕೇಳಿಸಿಕೊಂಡರು. ಒಳ್ಳೆಯವರೇ. ಆದರೆ ಎಲೆಯಲ್ಲಿ ಬಿಟ್ಟದ್ದೂ ಪಾತ್ರೆಯಲ್ಲಿ ಬಿಟ್ಟದ್ದೂ ಹಸಿದವರ ಲೆಕ್ಕಕ್ಕೆ ಒಂದೇ, ಸಂಜೆಗೆ ಇದು ಹುಳಿಯುತ್ತದೆ, ಮೂರನೇ ತಿಂಗಳೂ ಹೀಗೇ ಆಯಿತು ಎಂದರು. ಮಗಳು ಅಳಲಿಲ್ಲ. ಕೆಳದುಟಿ ಒಳಗೆ ಎಳೆದುಕೊಂಡು, ಬಡಿಸುವ ಸೌಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಅವಳ ಪಕ್ಕದ ಹುಡುಗಿ ಅವಳಿಂದ ಒಂದು ಹೆಜ್ಜೆ ದೂರ ಸರಿದದ್ದನ್ನು ನಾನು ನೋಡಿದೆ. ಈ ಊಟ ಒಪ್ಪಿಕೊಂಡು ಬಂದವಳು ಇವಳೇ ತಾನೆ.

ಶೆಡ್ಡಿನ ಗೋಡೆ ಹಿಡಿದು ಅಮ್ಮ ಹೊರಗೆ ಬಂದರು. “ಮಕ್ಕಳ ವ್ಯಾನು ಎಷ್ಟೊತ್ತಿಗೆ ಬರತ್ತೆ?” ಎಂದು ಕೇಳಿದರು. ಇನ್ನು ಅರ್ಧ ಗಂಟೆ ಇದೆ ಎಂದೆ.

“ಸಾಕು. ಪಾತ್ರೆ ಆ ಮೆಟ್ಟಿಲ ಹತ್ರ ತನ್ನಿ.”

“ಅಮ್ಮ, ಎಲೆ ಒಂದೂ ಉಳಿದಿಲ್ಲ.”

“ಎಲೆ ಯಾಕೆ? ಕೈ ತೊಳ್ಕೊಂಡೇ ನಿಂತಿವೆ ಮಕ್ಕಳು.”

ಅಮ್ಮ ನಲ್ಲಿಯಲ್ಲಿ ಕೈ ತೊಳೆದು, ಮೇಲಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತರು. ಹೆಡ್ ಮೇಡಂ ಓಡಿ ಬಂದು, ಬರಿಗೈಲಿ ಬೇಡ ಎಂದು ಬಡಿಸುವವರ ಪ್ಲಾಸ್ಟಿಕ್ ಗ್ಲೌಸ್ ಕೊಟ್ಟರು. ಅಮ್ಮ ಹಾಕಿಕೊಂಡರು. ಅದು ಅವರ ಸಣ್ಣ ಕೈಗೆ ದೊಗಳೆ, ಬೆರಳ ತುದಿಗಳು ನಾಯಿಮರಿಯ ಕಿವಿಯ ಹಾಗೆ ಜೋತುಬಿದ್ದವು. ಮೊದಲ ತುತ್ತು ಜಾರಿ ಪಾತ್ರೆಗೇ ಬಿತ್ತು. ಅಮ್ಮ ಗ್ಲೌಸಿನ ಮೇಲೆ ಒಂದಿಷ್ಟು ನೀರು ಸುರಿದುಕೊಂಡು ಮತ್ತೆ ಕಟ್ಟಿದರು, ನಿಂತಿತು.

“ಬಾರೇ ಇಲ್ಲಿ,” ಎಂದು ಮೊಮ್ಮಗಳನ್ನು ಕರೆದರು. “ಕೈ ಒಡ್ಡು.”

ಅವಳು ಒಲ್ಲದ ಮನಸ್ಸಿನಿಂದ, ಸೌಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೊಗಸೆ ಒಡ್ಡಿದಳು. ಅಮ್ಮ ತುತ್ತು ಇಟ್ಟು, ಹೆಬ್ಬೆರಳಿನಿಂದ ನಡುವೆ ಒಂದು ಗುಳಿ ಮಾಡಿ, ಅದರೊಳಗೆ ಉಪ್ಪಿನಕಾಯಿಯ ರಸದ ಒಂದೇ ಒಂದು ತೊಟ್ಟು ಬಿಟ್ಟರು. ಒಂದನೇ ತರಗತಿಯ ನಾಲ್ಕೈದು ಮಕ್ಕಳು ಒದ್ದೆ ಕೈ ಒರೆಸಿಕೊಳ್ಳುವುದನ್ನು ಬಿಟ್ಟು ನೋಡುತ್ತಿದ್ದವು. ಅವಳು ಬಾಯಿಗೆ ಹಾಕಿಕೊಂಡಳು. ಮುಂದಿನ ಹಲ್ಲು ಬಿದ್ದ ಒಬ್ಬ ಪುಟಾಣಿ ಬಂದು ಎರಡೂ ಕೈ ಚಾಚಿ ನಿಂತಳು.

ಆಮೇಲೆ ಸುಬೇದಾರರು ಮಕ್ಕಳನ್ನು ಸಾಲು ನಿಲ್ಲಿಸಲು ಹೊರಟರು. ಅಮ್ಮ ತಡೆದರು. “ಸಾಲು ರೇಷನ್ ಅಂಗಡಿಗೆ, ಸುಬೇದಾರ್ರೇ. ಕೈತುತ್ತಿಗೆ ಸುತ್ತ ಕೂರಬೇಕು.” ಹಾಗಾಗಿ ಸುತ್ತ ಕೂತರು, ಒಂದು ಸುತ್ತಿನ ಹಿಂದೆ ಇನ್ನೊಂದು. ಅಮ್ಮ ತಮ್ಮ ರೂಢಿಯಂತೆ ಹೇಳುತ್ತ ಹೋದರು, ಇದು ಕಾಗಕ್ಕನ ತುತ್ತು, ಇದು ಗುಬ್ಬಕ್ಕನ ತುತ್ತು. ಮಕ್ಕಳು ಪಿಳಿಪಿಳಿ ನೋಡಿದವು. ನನ್ನ ಮಗಳು, ಮನೆಯಲ್ಲಿ ಒಂದು ಇಡೀ ವಾಕ್ಯವನ್ನು ಕನ್ನಡದಲ್ಲಿ ಮುಗಿಸಲು ಸೋಮಾರಿತನ ಮಾಡುವವಳು, ಸೌಟು ಕೆಳಗಿಟ್ಟು ಅಜ್ಜಿಯ ಪಕ್ಕ ಕೂತು ಒಂದೊಂದನ್ನೂ ಹಿಂದಿಗೆ ತಿರುಗಿಸತೊಡಗಿದಳು. “ಯೇ ಕೌವಾ ದೀದಿ ಕಾ. ಯೇ ಚಿಡಿಯಾ ದೀದಿ ಕಾ.” ಕಾಗೆ ಗುಬ್ಬಿಗಳು ಮುಗಿದ ಮೇಲೆ ಮಕ್ಕಳೇ ಹೆಸರು ಕೊಟ್ಟರು. ಅಳಿಲಿನದ್ದು, ಆಮೆಯದ್ದು, ಡೈನೋಸಾರಿನದ್ದು. ಮೂರನೇ ತರಗತಿಯ ಒಬ್ಬ ಮೆಟ್ರೋ ಓಡಿಸುವ ಅಂಕಲ್‌ನ ತುತ್ತು ಬೇಕೆಂದ. ಅಮ್ಮನಿಗೆ ಅದನ್ನು ನಾನು ಹೇಳಿದೆ. “ಕೊಡೋಣ, ಪಾಪ, ದಿನವೆಲ್ಲ ನೆಲದಡಿ ಇರ್ತಾರೆ,” ಎಂದು ಸ್ವಲ್ಪ ದೊಡ್ಡ ತುತ್ತೇ ಕಟ್ಟಿದರು. ನಮ್ಮ ಕಡೆಯ ಮೆಟ್ರೋ ಕಂಬಗಳ ಮೇಲೆ ಓಡುತ್ತದೆಂದು ಆ ಹೊತ್ತಿನಲ್ಲಿ ತಿದ್ದಲು ಯಾರಿಗೂ ಪುರಸೊತ್ತಿರಲಿಲ್ಲ.

ಅಮ್ಮ ಒಬ್ಬರಿಂದ ಆಗುವ ಮಾತಲ್ಲ. ಒಂದು ಬಕೆಟ್ ತೋಡಿಕೊಂಡು ನಾನೊಂದು ಸುತ್ತು ಹಿಡಿದೆ. ಲಕ್ನೋದ ತಾಯಿ ನನ್ನ ಕೈಯನ್ನೇ ನೋಡಿ ನೋಡಿ ಕಲಿತು ಇನ್ನೊಂದು ಸುತ್ತು ಹಿಡಿದರು. ಸುಬೇದಾರರ ತುತ್ತು ಕ್ರಿಕೆಟ್ ಚೆಂಡಿನಷ್ಟು. ನಾಲ್ಕನೇ ತರಗತಿಯ ಗಂಡುಮಕ್ಕಳೆಲ್ಲ ಅವರ ಸುತ್ತಲೇ ಸೇರಿದ್ದರು. ಮೊಸರೆಂದರೆ ಮೂಗು ಮುರಿಯುವ ಒಂದು ಹುಡುಗಿ ಉಪ್ಪಿನಕಾಯಿಯ ಗುಳಿ ಮಾತ್ರ ಬೇಕೆಂದು ಹಟ ಹಿಡಿದಳು. ಮಗಳು ಅವಳಿಗೆ ಕಡಲೆಯಷ್ಟು ತುತ್ತಿನಲ್ಲಿ ದೊಡ್ಡ ಗುಳಿ ಮಾಡಿ ಕೊಟ್ಟಳು. ಆ ಹುಡುಗಿ ಮತ್ತೆ ಬಂದಳು. ಮೂರನೆಯ ಸಲ ಕಡಲೆ ನಿಂಬೆಹಣ್ಣಿನಷ್ಟಾಗಿತ್ತು.

ಹೆಡ್ ಮೇಡಂ ಎಷ್ಟು ಹೊತ್ತಿನಿಂದ ಅಮ್ಮನ ಸುತ್ತಿನ ಹಿಂದೆ ನಿಂತಿದ್ದರೋ ತಿಳಿಯದು. ವ್ಯಾನಿನ ಹಾರ್ನ್ ಕೇಳಿಸಿದಾಗ ಅವರು ಬಗ್ಗಿ ಅಂಗೈ ಚಾಚಿದರು. ಅಮ್ಮ ಪಾತ್ರೆಯನ್ನು ಓರೆಮಾಡಿ, ಒಳಬದಿಗೆ ಅಂಟಿದ್ದನ್ನೆಲ್ಲ ಬಳಿದು, ಕೊನೆಯ ತುತ್ತು ಕಟ್ಟಿ ಅವರ ಕೈಗಿಟ್ಟರು. ಅವರು ನಿಂತಲ್ಲೇ ತಿಂದರು. ಪಾತ್ರೆಯೊಳಗೆ ಒಮ್ಮೆ ಇಣುಕಿದರು. ಆಮೇಲೆ ನನ್ನ ಮಗಳ ತಲೆ ಮುಟ್ಟಿ, ಏಪ್ರಿಲ್‌ನಲ್ಲಿ ಯಾವ ತರಗತಿಯಿಂದ ಶುರು ಮಾಡೋಣ ಎಂದು ಕೇಳಿದರು. ಅವಳು ನನ್ನ ಕಡೆ ತಿರುಗಿದಳು. ಅವರೇ ಹೇಳಿದರು, ಎರಡನೆಯದರಿಂದ ಶುರುವಾಗಲಿ. ಆದರೆ ಇನ್ನು ಮುಂದೆ ಬಡಿಸುವವರು ಊಟಕ್ಕೆ ಮೊದಲೇ ಏನೇನು ಬರುತ್ತದೆ, ಕೊನೆಗೆ ಯಾವುದು ಬರುತ್ತದೆ ಎಂದು ನಿಂತು ಹೇಳಬೇಕು. ಯಾಕೆಂದರೆ, ಎಂದು ಅಮ್ಮನತ್ತ ನೋಡಿ ನಕ್ಕರು, ಯಾರ ಮನೆಯಲ್ಲಿ ಯಾವಾಗ ಊಟ ಮುಗಿಯುತ್ತದೆಂದು ಯಾರಿಗೆ ಗೊತ್ತು.

ದೂರ ಸರಿದಿದ್ದ ಆ ಹುಡುಗಿ ಬಂದು ಮಗಳ ಕುತ್ತಿಗೆಗೆ ಜೋತುಬಿದ್ದಳು. ಇಡೀ ತರಗತಿ ಖಾಲಿ ಪತೀಲಾದ ಸುತ್ತ ಕುಣಿಯಿತು. ಸುಬೇದಾರರು ಕುಣಿಯಲಿಲ್ಲ. ಅವರು ಒಂದೊಂದೇ ಪಾತ್ರೆಯ ಮುಚ್ಚಳ ಎತ್ತಿ ನೋಡಿ, ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದರು, “ಅಲ್ಲಮ್ಮಾ, ಬಡಿಸಿದ ಮಕ್ಕಳು ಏನು ತಿಂದ್ರು?”

ಬಡಿಸುವವರು ಕೊನೆಗೆ ಉಣ್ಣಬೇಕೆಂದು ನಾವೇ ಕಲಿಸಿದ್ದೆವು. ಉಣ್ಣಲು ಏನನ್ನೂ ಉಳಿಸಿರಲಿಲ್ಲ. ಇಪ್ಪತ್ತಮೂರು ಮಕ್ಕಳು, ಬೆಳಿಗ್ಗೆ ಏಳಕ್ಕೆ ಹಾಲು ಕುಡಿದು ಬಂದವರು; ನಾವು ತಾಯಂದಿರು ಅದನ್ನೂ ಕುಡಿದಿರಲಿಲ್ಲ. ಹೆಡ್ ಮೇಡಂಗೆ ಹೇಳಿದರೆ ಅವರಿಗೆ ಬೇಜಾರಾದೀತೆಂದು ಸುಬೇದಾರರು ಸನ್ನೆ ಮಾಡಿ ಎಲ್ಲರನ್ನೂ ಗೇಟಿನ ಹೊರಗೆ ಕರೆದುಕೊಂಡು ಹೋದರು. ರಸ್ತೆಯಾಚೆ ಛೋಲೆ ಕುಲ್ಚೆಯ ಗಾಡಿ ನಿಂತಿತ್ತು. ಗಾಡಿಯ ಭಯ್ಯಾ ನಮ್ಮ ದಂಡನ್ನು ನೋಡಿ, ಇವತ್ತು ಒಳಗೆ ಊಟ ಇತ್ತಲ್ಲ ಎಂದು ಬೆರಗಾದ. ಅಮ್ಮ ಗಾಡಿಯ ಪಕ್ಕದ ಮೋಡಾದ ಮೇಲೆ, ಅದೇ ಭಯ್ಯಾ ಎದ್ದು ಬಿಟ್ಟುಕೊಟ್ಟ ಬೆತ್ತದ ಪೀಠದ ಮೇಲೆ ಕೂತು, ಎಲೆಯ ದೊನ್ನೆಯಲ್ಲಿ ಛೋಲೆ ತಿಂದು, ಹುಳಿ ಸ್ವಲ್ಪ ಮುಂದಾಯಿತು ಎಂದು ತೀರ್ಪು ಕೊಟ್ಟರು.

ಮಗಳು ಕುಳಿತು ತಿನ್ನಲಿಲ್ಲ. ಕೈಯಲ್ಲಿ ಕುಲ್ಚೆ ಹಿಡಿದು ಫುಟ್‌ಪಾತಿನ ಅಂಚಿನಲ್ಲಿ ನಿಂತು, ಶಾಲೆಯಿಂದ ಹೊರಬೀಳುವ ಒಂದೊಂದು ವ್ಯಾನಿಗೂ ಕೂಗಿ ಹೇಳುತ್ತಿದ್ದಳು. ತಮಗೆ ಉಣ್ಣಲು ಒಂದು ಅಗುಳೂ ಉಳಿಯಲಿಲ್ಲ ಎಂದು. ಅಷ್ಟು ಹೆಮ್ಮೆಯಿಂದ ಹಸಿದವರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.